ಹರಾಜಿನಿಂದ ಪಾರಾದ ಮದುವೆ ಕುಣಿತ

ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂಗೆ ಮುಖಮಾಡಿ ನಿಂತ ಬಿಳಿ ಅಮೃತಶಿಲೆಯ ಕಟ್ಟಡವೇ ನಗರದ ಕಲಾ ಸಂಗ್ರಹಾಲಯ. ಬಾಗಿಲಾಚೆ ರೊಡ್ಯಾನ 'ಚಿಂತಕ' ಗಲ್ಲಕ್ಕೆ ಕೈಯಾನಿಸಿ ಕೂತಿದ್ದಾನೆ. ಅವನನ್ನು ದಾಟಿ ನೇರ ಒಳನಡೆದರೆ ರಿವೇರಾ ಅಂಗಳ. ಮೆಕ್ಸಿಕೋದ ಡಿಯೆಗೊ ರಿವೇರಾ 1932-33ರಲ್ಲಿ ನಾಲ್ಕೂ ಗೋಡೆ ತುಂಬ ಬರೆದ 27 ಭಿತ್ತಿಚಿತ್ರಗಳು ಇಲ್ಲಿವೆ. ಬರೆದವನು ಕಮ್ಯುನಿಸ್ಟ್, ದುಡ್ಡು ಕೊಟ್ಟವನು ಕಾರ್ಖಾನೆಯ ಧಣಿ ಎಡ್ಸೆಲ್ ಫೋರ್ಡ್! ಉತ್ತರದ ಗೋಡೆಯಲ್ಲಿ ಕೆಲಸಗಾರರು ಬೆನ್ನು ಬಾಗಿಸಿ ವಿ-8 ಎಂಜಿನ್ ಎಳೆದಾಡುತ್ತಿದ್ದಾರೆ. ಅದೇ ಗೋಡೆಯ ಮೇಲಿನ ಮೂಲೆಯಲ್ಲಿ ನರ್ಸ್ ಹಿಡಿದುಕೊಂಡ ಮಗುವಿಗೆ ವೈದ್ಯ ಲಸಿಕೆ ಚುಚ್ಚುತ್ತಿದ್ದಾನೆ. ಮುಂದೆ ಕುದುರೆ, ಎತ್ತು, ಕುರಿಗಳು.

ಯುರೋಪಿನ ಚಿತ್ರಗಳಿರುವ ಕಡೆ ಹೋದರೆ ಬ್ರೂಗೆಲ್‌ನ 'ಮದುವೆ ಕುಣಿತ' ಸಿಗುತ್ತದೆ. 1566ರದು. ಹಳ್ಳಿಯ ಜನ ಮೈಮರೆತು ಕುಣಿಯುತ್ತಿದ್ದಾರೆ. ಕ್ರಿಸ್ಟೀಸ್ ಹರಾಜು ಸಂಸ್ಥೆಯವರು ಇದೊಂದಕ್ಕೇ 10ರಿಂದ 20 ಕೋಟಿ ಡಾಲರ್ ಬೆಲೆ ಕಟ್ಟಿದ್ದರು.

ಬೆಲೆ ಕಟ್ಟಿಸುವ ಪಾಡು ಬಂದದ್ದು 2013ರಲ್ಲಿ. ಸುಮಾರು 1,800 ಕೋಟಿ ಡಾಲರ್ ಹೊರೆ ಹೊತ್ತ ನಗರ ಆ ಜುಲೈ 18ರಂದು ದಿವಾಳಿ ಅರ್ಜಿ ಹಾಕಿತು. 1950ರಲ್ಲಿ 18 ಲಕ್ಷವಿದ್ದ ಜನಸಂಖ್ಯೆ 7 ಲಕ್ಷದ ಆಸುಪಾಸಿಗೆ ಇಳಿದಿತ್ತು. ತೆರಿಗೆ ಕಟ್ಟುವವರು ಊರು ಬಿಟ್ಟರು, ನಿವೃತ್ತರ ಲೆಕ್ಕ ಮಾತ್ರ ನಗರದ ತಲೆಯ ಮೇಲೇ ಉಳಿಯಿತು. ದುಡಿಯುವ ಒಬ್ಬ ನೌಕರನಿಗೆ ಪಿಂಚಣಿ ಪಡೆಯುವವರು ಇಬ್ಬರು. ಪಿಂಚಣಿ ನಿಧಿಯ ತೂತು ಮುಚ್ಚಲು 2005-06ರಲ್ಲಿ 140 ಕೋಟಿ ಡಾಲರಿಗೂ ಮಿಕ್ಕಿ ಸಾಲ ಎತ್ತಿದರು. ಅದರ ಬಡ್ಡಿಯ ಮೇಲೆ ಬ್ಯಾಂಕುಗಳ ಜತೆ ಮಾಡಿಕೊಂಡ ಒಪ್ಪಂದವೂ ಕೈಕೊಟ್ಟಿತು. ಸಾಲ ಕೊಟ್ಟವರ ಕಣ್ಣು ನಗರದ ಸ್ವತ್ತಾಗಿದ್ದ ಈ ಚಿತ್ರಗಳ ಮೇಲೆ ಬಿತ್ತು.

ಕೊನೆಗೆ ದತ್ತಿ ಸಂಸ್ಥೆಗಳು, ಮಿಷಿಗನ್ ರಾಜ್ಯ ಮತ್ತು ಸಂಗ್ರಹಾಲಯ ಸೇರಿ 20 ವರ್ಷಗಳಲ್ಲಿ 81.6 ಕೋಟಿ ಡಾಲರ್ ಪಿಂಚಣಿಗೆ ಕೊಡಲು ಒಪ್ಪಿದವು. ಬದಲಿಗೆ ಚಿತ್ರಗಳು ನಗರದ ಕೈಬಿಟ್ಟು ಸಂಗ್ರಹಾಲಯದ ಸಂಸ್ಥೆಯ ಸ್ವತ್ತಾದವು. ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ 4.5 ಕಡಿತ, ತುಟ್ಟಿಭತ್ಯೆಯಂಥ ವಾರ್ಷಿಕ ಹೆಚ್ಚಳವೂ ಬಂದ್. ಬೇಡವೆಂದರೆ ಕಡಿತ ಶೇ 27ಕ್ಕೇರುತ್ತಿತ್ತು. ಮತಕ್ಕೆ ಹಾಕಿದಾಗ ಬಹುಪಾಲು ನಿವೃತ್ತರು 'ಹೂಂ' ಎಂದದ್ದರಲ್ಲಿ ಆಶ್ಚರ್ಯವೇನು?

ಚಿತ್ರ ಉಳಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿವೃತ್ತರ ಔಷಧದ ಖರ್ಚಿನ ಕಥೆ ಅಷ್ಟು ಕೇಳಿಬರುವುದಿಲ್ಲ. ನನಗೆ ದೊಡ್ಡ ಪೆಟ್ಟು ಅನ್ನಿಸುವುದು ಅದೇ. ಪಿಂಚಣಿಗೆ ರಾಜ್ಯದ ಸಂವಿಧಾನದ ಆಸರೆಯಾದರೂ ಇತ್ತು, ನಿವೃತ್ತರ ಆರೋಗ್ಯ ವಿಮೆಗೆ ಅದೂ ಇರಲಿಲ್ಲ. ಅದಕ್ಕಾಗಿ ಕಾದಿಟ್ಟ ಹಣವೂ ಇಲ್ಲದಂತೆಯೇ. ವರ್ಷದ ಬಿಲ್ಲನ್ನು ವರ್ಷದ ಆದಾಯದಲ್ಲೇ ತೀರಿಸುತ್ತಿದ್ದರು. ಸುಮಾರು 430 ಕೋಟಿ ಡಾಲರಿನ ಆ ಹೊಣೆ 45 ಕೋಟಿಗೆ ಇಳಿಯಿತು. 65 ತುಂಬದ ಹಲವರ ಕೈಗೆ ವಿಮೆ ಕೊಳ್ಳಲೆಂದು ತಿಂಗಳಿಗೆ 125 ಡಾಲರ್ ಇಟ್ಟು ಕಳಿಸಿದರು.

ಪಿಂಚಣಿ ನಿಧಿಗೆ ಹಣ ಕೊಡುವುದರಿಂದ ನಗರಕ್ಕೆ ಸಿಕ್ಕ ಸುಮಾರು ಹತ್ತು ವರ್ಷದ ಬಿಡುವು ಮುಗಿದು, 2024ರಿಂದ ನಗರವೇ ಮತ್ತೆ ದುಡ್ಡು ತುಂಬಬೇಕಾಗಿದೆ. ಇದಕ್ಕೆಂದೇ 2017ರಲ್ಲಿ ಬೇರೆ ನಿಧಿ ತೆರೆದು ಹಣ ಕೂಡಿಡಲು ಶುರುಮಾಡಿದ್ದರು.