ಕುರಿದೊಡ್ಡಿಯಿಂದ ಅಮೃತಶಿಲೆಯ ಅಂಗಳಕ್ಕೆ: ರೋಮ್ ತನ್ನ ಮತವನ್ನು ಕಳೆದುಕೊಂಡ ಬಗೆ

ಪ್ರಾಚೀನ ರೋಮ್ ನಗರದ ಕೋಟೆಗೋಡೆಯ ಹೊರಗೆ, ಟೈಬರ್ ನದಿಯ ತಿರುವಿನಲ್ಲಿ ಹರಡಿದ್ದ ಕ್ಯಾಂಪಸ್ ಮಾರ್ಷಿಯಸ್ ಎಂಬ ಬಯಲಿನಲ್ಲಿ ಪೌರರು ಮತ ಹಾಕಲೆಂದೇ ಮೀಸಲಾದ ಒಂದು ಜಾಗವಿತ್ತು. ಬೇಲಿಗಳಿಂದ ಉದ್ದುದ್ದ ಓಣಿಗಳಾಗಿ ವಿಂಗಡಿಸಿದ್ದ ಆ ಜಾಗವನ್ನು ಜನರು 'ಓವಿಲೆ', ಎಂದರೆ ಕುರಿದೊಡ್ಡಿ, ಎಂದು ಕರೆಯುತ್ತಿದ್ದರು. ಅದರ ಇನ್ನೊಂದು ಹೆಸರು 'ಸೇಪ್ಟಾ', ಎಂದರೆ ಬೇಲಿ ಹಾಕಿದ ಆವರಣ. ಈ ದೊಡ್ಡಿಯನ್ನು ತೆಗೆದು ಅಲ್ಲಿ ಅಮೃತಶಿಲೆಯ ಭವ್ಯ ಅಂಗಳವನ್ನು ಕಟ್ಟಿಸುವ ಯೋಜನೆಯನ್ನು ಜೂಲಿಯಸ್ ಸೀಸರನು ಕ್ರಿ.ಪೂ. 54ರ ಸುಮಾರಿಗೆ ಹಾಕಿಕೊಂಡನು. ಅವನ ಕೊಲೆಯ ನಂತರ ಕೆಲಸ ಕುಂಟುತ್ತ ಸಾಗಿ, ಕೊನೆಗೆ ಅಗಸ್ಟಸ್ ಚಕ್ರವರ್ತಿಯ ಬಲಗೈಯಂತಿದ್ದ ಅಗ್ರಿಪ್ಪನು ಕ್ರಿ.ಪೂ. 26ರಲ್ಲಿ ಅದನ್ನು ಮುಗಿಸಿ 'ಸೇಪ್ಟಾ ಜೂಲಿಯಾ' ಎಂದು ಹೆಸರಿಟ್ಟನು. ಸುಮಾರು 310 ಮೀಟರ್ ಉದ್ದ, 120 ಮೀಟರ್ ಅಗಲದ ಈ ಅಂಗಳಕ್ಕಿಂತ ಭವ್ಯವಾದ ಮತಗಟ್ಟೆ ರೋಮನ್ನರಿಗೆ ಹಿಂದೆಂದೂ ಇರಲಿಲ್ಲ. ಆದರೆ ಅದು ಸಿದ್ಧವಾಗಿ ನಲವತ್ತು ವರ್ಷ ತುಂಬುವ ಮೊದಲೇ ಚುನಾವಣೆ ಅಲ್ಲಿಂದ ಎದ್ದುಹೋಯಿತು, ಮತ್ತು ಹೋದದ್ದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ.

ರೋಮಿನ ಗಣರಾಜ್ಯವನ್ನು ಸೀಸರನ ಸೈನ್ಯ ಕೊಂದಿತೆಂಬುದು ಸಾಮಾನ್ಯವಾಗಿ ಪ್ರಚಲಿತವಾದ ವಿವರಣೆ. ಅದರಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಸೈನ್ಯ ಅಧಿಕಾರವನ್ನು ಕಿತ್ತುಕೊಳ್ಳಬಲ್ಲದು. ಕಿತ್ತುಕೊಂಡದ್ದನ್ನು ಜನರು ಮರಳಿ ಕೇಳದೆ ಸುಮ್ಮನಿದ್ದದ್ದೇಕೆಂಬ ಪ್ರಶ್ನೆಗೆ ಸೈನ್ಯದ ಕಥೆಯಲ್ಲಿ ಉತ್ತರ ಸಿಗುವುದಿಲ್ಲ. ಆ ಉತ್ತರವನ್ನು ಕುರಿದೊಡ್ಡಿಯ ಓಣಿಗಳಲ್ಲಿ, ಅಲ್ಲಿ ಸರದಿಗಾಗಿ ನಿಂತು ದಣಿದ ಸಾಮಾನ್ಯ ಪೌರನ ಅನುಭವದಲ್ಲಿ ಹುಡುಕಬೇಕಾಗುತ್ತದೆ.

ರೋಮಿನಲ್ಲಿ ಒಬ್ಬನಿಗೆ ಒಂದು ಮತವಿದ್ದರೂ ಎಣಿಕೆಗೆ ಬರುತ್ತಿದ್ದುದು ಗುಂಪಿನ ಮತ. ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುತ್ತಿದ್ದ ಕಾನ್ಸಲ್ ಎಂಬ ಪರಮಾಧಿಕಾರಿಗಳನ್ನು ಆರಿಸುವ ಸಭೆಯಲ್ಲಿ ಪೌರರನ್ನು ಆಸ್ತಿಯ ಆಧಾರದ ಮೇಲೆ 'ಸೆಂಚುರಿ' ಎಂಬ 193 ಗುಂಪುಗಳಾಗಿ ಹಂಚಲಾಗಿತ್ತು. ಸಿರಿವಂತರ ಗುಂಪುಗಳು ಸಂಖ್ಯೆಯಲ್ಲಿ ಹೆಚ್ಚು, ಪ್ರತಿಯೊಂದರಲ್ಲಿಯೂ ಜನ ಕಡಿಮೆ. ಆಸ್ತಿಯೇ ಇಲ್ಲದವರು ಎಷ್ಟು ಮಂದಿಯಿದ್ದರೂ ಎಲ್ಲರಿಗೂ ಸೇರಿ ಒಂದೇ ಸೆಂಚುರಿ. ಮತದಾನ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಮತ್ತು 97 ಗುಂಪುಗಳ ಬಹುಮತ ಒಬ್ಬ ಅಭ್ಯರ್ಥಿಗೆ ಸಿಕ್ಕ ಕೂಡಲೇ ಅವನು ಗೆದ್ದನೆಂದು ಸಾರಲಾಗುತ್ತಿತ್ತು. ಎರಡು ಸ್ಥಾನಗಳೂ ಹೀಗೆ ತುಂಬಿದರೆ ಉಳಿದವರನ್ನು ಕರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಬೆಳಗಿನಿಂದ ಬಿಸಿಲಿನಲ್ಲಿ ನಿಂತ ಬಡವನು ತನ್ನ ಸರದಿ ಬಾರದೆಯೇ ಮನೆಗೆ ಮರಳಬೇಕಾಗಿ ಬರುತ್ತಿತ್ತು. ಶಾಸನಗಳನ್ನು ಅಂಗೀಕರಿಸುವ ಇನ್ನೊಂದು ಸಭೆಯಲ್ಲಿ ಪೌರರು 'ಟ್ರೈಬ್' ಎಂಬ 35 ಮತವಿಭಾಗಗಳಾಗಿ ಸೇರುತ್ತಿದ್ದರು. ಇವುಗಳಲ್ಲಿ 31 ಗ್ರಾಮಾಂತರದವು, ನಗರಕ್ಕೆ ಸಿಕ್ಕವು ನಾಲ್ಕೇ, ಮತ್ತು ಬಿಡುಗಡೆ ಹೊಂದಿದ ಗುಲಾಮರನ್ನು ಬಹುಮಟ್ಟಿಗೆ ಆ ನಾಲ್ಕರಲ್ಲಿಯೇ ತುರುಕಲಾಗಿತ್ತು.

ಇಂಥ ಓರೆಯಾದ ವ್ಯವಸ್ಥೆಯಲ್ಲಿಯೂ ಜನರು ತಮ್ಮ ಮತವನ್ನು ಜೋಪಾನ ಮಾಡಿಕೊಳ್ಳಲು ಹೋರಾಡಿದ ಕಾಲವೊಂದಿತ್ತು ಎಂಬುದನ್ನು ಒತ್ತಿ ಹೇಳಬೇಕು. ಮೊದಲು ಮತವನ್ನು ಬಾಯಿಮಾತಿನಲ್ಲಿ ಹೇಳಬೇಕಿತ್ತು. ಸಾಲ ಕೊಟ್ಟ ಧಣಿ, ನ್ಯಾಯಾಲಯದಲ್ಲಿ ಕಾಪಾಡಿದ ಆಶ್ರಯದಾತ ಪಕ್ಕದಲ್ಲಿ ನಿಂತಿರುವಾಗ ಬಡವನ ಬಾಯಿ ಬೇರೆ ಹೆಸರನ್ನು ಹೇಳುವುದು ಕಷ್ಟವಿತ್ತು. ಕ್ರಿ.ಪೂ. 139ರಲ್ಲಿ ಗ್ಯಾಬೀನಿಯಸ್ ಎಂಬ ಜನಪ್ರತಿನಿಧಿ ತಂದ ಶಾಸನ ಚುನಾವಣೆಗೆ ಗುಪ್ತ ಮತದಾನವನ್ನು ಜಾರಿಗೊಳಿಸಿತು. ಮೇಣ ಬಳಿದ ಪುಟ್ಟ ಮರದ ಹಲಗೆಯ ಮೇಲೆ ಹೆಸರು ಗೀಚಿ ಬುಟ್ಟಿಗೆ ಹಾಕುವ ಈ ಪದ್ಧತಿ 137ರಲ್ಲಿ ನ್ಯಾಯವಿಚಾರಣೆಗಳಿಗೂ 131ರಲ್ಲಿ ಶಾಸನಸಭೆಗೂ ವಿಸ್ತರಿಸಿತು. ಆದರೂ ಮತ ಹಾಕಲು ಹತ್ತಬೇಕಿದ್ದ ಎತ್ತರದ ಕಾಲುಹಲಗೆಗಳ ಮೇಲೆ ಗಣ್ಯರ ಕಡೆಯವರು ನಿಂತು ಹಲಗೆಯೊಳಗೆ ಇಣುಕುತ್ತಿದ್ದುದರಿಂದ, 119ರಲ್ಲಿ ಮೇರಿಯಸ್ ಎಂಬ ಜನಪ್ರತಿನಿಧಿ ಆ ಕಾಲುಹಲಗೆಗಳನ್ನೇ ಕಿರಿದುಗೊಳಿಸುವ ಶಾಸನವನ್ನು ತಂದನು, ಸೆನೆಟ್ ಎಂಬ ಹಿರಿಯರ ಸಭೆ ವಿರೋಧಿಸಿದರೂ ಹಿಂಜರಿಯಲಿಲ್ಲ. ಮತದಾರನೊಬ್ಬನು ಹಲಗೆಯನ್ನು ಬುಟ್ಟಿಗೆ ಹಾಕುತ್ತಿರುವ ಚಿತ್ರವನ್ನು ಕೊರೆದ ಬೆಳ್ಳಿ ನಾಣ್ಯಗಳು ಇಂದಿಗೂ ಉಳಿದಿವೆ. ನಾಣ್ಯದ ಮೇಲೆ ಮತದಾರನನ್ನು ಅಚ್ಚೊತ್ತಿದ ಸಮಾಜ ಮತವನ್ನು ಹಗುರವಾಗಿ ಎಣಿಸಿದ್ದಿರಲಾರದು.

ಸಡಿಲಿಕೆ ಆರಂಭವಾದದ್ದು ವಿಚಿತ್ರವೆಂದರೆ ಮತದ ಹಕ್ಕು ಹಿಗ್ಗಿದಾಗ. ಕ್ರಿ.ಪೂ. 90ರ ಸುಮಾರಿನಲ್ಲಿ ಇಟಲಿಯ ಮಿತ್ರನಗರಗಳು ದಂಗೆಯೆದ್ದು ರಕ್ತ ಸುರಿಸಿ ರೋಮಿನ ಪೌರತ್ವವನ್ನು ಪಡೆದವು. 70ರ ಜನಗಣತಿಯಲ್ಲಿ ಪೌರರ ಸಂಖ್ಯೆ ಸುಮಾರು 9 ಲಕ್ಷ ಮುಟ್ಟಿತು. ಆದರೆ ಮತ ಹಾಕುವ ಸ್ಥಳ ಮಾತ್ರ ಒಂದೇ, ಅದು ರೋಮ್. ದಕ್ಷಿಣದ ಬ್ರಂಡೀಸಿಯಮಿನ ರೈತನು ಆಪಿಯನ್ ಹೆದ್ದಾರಿಯಲ್ಲಿ ಸುಮಾರು 540 ಕಿಲೋಮೀಟರ್ ನಡೆದು ಬಂದು, ದುಬಾರಿ ನಗರದಲ್ಲಿ ತನ್ನ ಖರ್ಚಿನಲ್ಲಿಯೇ ತಂಗಿ, ಜುಲೈ ತಿಂಗಳ ಬಿಸಿಲಿನಲ್ಲಿ ನಿಂತು, ಕರೆ ಬಂದರೆ ಮತ ಹಾಕಿ ಹಿಂತಿರುಗಬೇಕಿತ್ತು. ಅಥೆನ್ಸಿನಲ್ಲಿ ಸಭೆಗೆ ಬಂದವರಿಗೆ ದಿನಗೂಲಿ ಕೊಡುವ ಪದ್ಧತಿಯಿತ್ತು; ರೋಮಿನ ಆಳುವ ವರ್ಗ ಅಂಥ ಏರ್ಪಾಡನ್ನು ಎಂದೂ ಮಾಡಲಿಲ್ಲ. ಮುಂದೆ ಕಟ್ಟಿದ ಸೇಪ್ಟಾ ಜೂಲಿಯಾ ಪೂರ್ತಿ ತುಂಬಿದರೂ ಅದರಲ್ಲಿ ನಿಲ್ಲಬಹುದಾಗಿದ್ದವರು ಎಪ್ಪತ್ತು ಸಾವಿರಕ್ಕಿಂತ ಹೆಚ್ಚಿರಲಾರರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಹೀಗೆ ಮತದಾನದಿಂದ ದೂರ ಉಳಿಯುವುದು ಬಹುಜನರ ಪಾಲಿಗೆ ಸೋಮಾರಿತನಕ್ಕಿಂತ ಮೊದಲು ಬದುಕಿನ ಲೆಕ್ಕಾಚಾರವಾಗಿತ್ತು, ಮತ್ತು ಲೆಕ್ಕಾಚಾರವಾಗಿ ಶುರುವಾದದ್ದು ಒಂದೆರಡು ತಲೆಮಾರುಗಳಲ್ಲಿ ರೂಢಿಯಾಯಿತು.

ಖಾಲಿ ಬಿದ್ದ ಸಭೆ ಸುಲಭವಾಗಿ ಬೇರೆಯವರ ಕೈಸೇರುತ್ತದೆ. ಕ್ರಿ.ಪೂ. 56ರಲ್ಲಿ ಸಿಸೆರೋ ಎಂಬ ಹೆಸರಾಂತ ವಕೀಲ, ರಾಜಕಾರಣಿ ನ್ಯಾಯಾಲಯದಲ್ಲಿ ವಾದಿಸುತ್ತ, ಶಾಸನಗಳ ಮತದಾನಕ್ಕೆ ಕೆಲವೊಮ್ಮೆ ಒಂದು ಮತವಿಭಾಗದಿಂದ ಐದು ಜನ ಸಿಗುವುದೂ ಕಷ್ಟ, ಸಿಕ್ಕವರೂ ಬೇರೆ ವಿಭಾಗದಿಂದ ಬಂದವರು ಎಂದು ಹೇಳಿದ್ದಾನೆ. ವಕೀಲನ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಕೇಳುವವರು ನಂಬಲಾಗದ ಮಾತನ್ನು ಅವನು ಆಡಿರಲಾರನು. ಅವನ ಆಕ್ಷೇಪಣೆಯಲ್ಲಿ ಎದ್ದು ಕಾಣುವ ಒಂದು ಸಂಗತಿಯೆಂದರೆ ಆ ಐದು ಜನರು ಹಾಕಿದ ಮತವೂ ಕಾನೂನಿನ ದೃಷ್ಟಿಯಲ್ಲಿ ಇಡೀ ವಿಭಾಗದ ಮತವೇ ಆಗಿತ್ತು, ಏಕೆಂದರೆ ಕನಿಷ್ಠ ಹಾಜರಾತಿಯೆಂಬ ನಿಯಮವೇ ರೋಮನ್ ಸಭೆಗಳಿಗೆ ಇರಲಿಲ್ಲ.

ಬಾರದವರ ಜಾಗವನ್ನು ಹಣ ತುಂಬಿತು. ಮತಕ್ಕಾಗಿ ಹಣ ಹಂಚುವವರಿಗೆ 'ಡಿವಿಸೋರ್', ಎಂದರೆ ಪಾಲು ಹಾಕುವವರು, ಎಂಬ ಹೆಸರೇ ಹುಟ್ಟಿಕೊಂಡಿತ್ತು. ಕ್ರಿ.ಪೂ. 54ರ ಕಾನ್ಸಲ್ ಚುನಾವಣೆಯಲ್ಲಿ, ಚೀಟಿ ಎತ್ತಿ ಮೊದಲು ಮತ ಹಾಕಲು ಆರಿಸುತ್ತಿದ್ದ ಸೆಂಚುರಿಯ ತೀರ್ಪನ್ನು ದೈವಸೂಚನೆಯೆಂದು ಉಳಿದವರು ಹಿಂಬಾಲಿಸುತ್ತಿದ್ದುದರಿಂದ, ಅದೊಂದೇ ಗುಂಪಿಗೆ ಒಂದು ಕೋಟಿ ಸೆಸ್ಟರ್ಸ್ ನಾಣ್ಯ ಕೊಡುವುದಾಗಿ ಅಭ್ಯರ್ಥಿಗಳು ಮಾತು ಕೊಟ್ಟರೆಂದು ಸಿಸೆರೋ ತಮ್ಮನಿಗೆ ಬರೆದನು. ಅಭ್ಯರ್ಥಿಗಳೆಲ್ಲ ಸಾಲಕ್ಕೆ ಮುಗಿಬಿದ್ದು, ಆ ಜುಲೈನಲ್ಲಿ ರೋಮಿನ ಬಡ್ಡಿದರ ವರ್ಷಕ್ಕೆ ನೂರಕ್ಕೆ 4ರಿಂದ 8ಕ್ಕೆ ಏರಿತು. ಹಣದ ಹಿಂದೆಯೇ ದೊಣ್ಣೆ ಬಂತು. ಕ್ಲೋಡಿಯಸ್, ಮಿಲೋ ಎಂಬ ಎದುರಾಳಿಗಳ ಬಾಡಿಗೆ ಪಡೆಗಳು ಬೀದಿಯಲ್ಲಿ ಹೊಡೆದಾಡುತ್ತಿದ್ದವು; ಕ್ರಿ.ಪೂ. 53ರ ವರ್ಷದ ಮೊದಲರ್ಧ ಕಾನ್ಸಲರೇ ಇಲ್ಲದೆ ಕಳೆಯಿತು. 52ರ ಜನವರಿಯಲ್ಲಿ ಕ್ಲೋಡಿಯಸನ ಕೊಲೆಯಾಗಿ, ಅವನ ಶವವನ್ನು ಸುಡಲು ಹೊತ್ತಿಸಿದ ಬೆಂಕಿಗೆ ಸೆನೆಟ್ ಭವನವೇ ಆಹುತಿಯಾಯಿತು. ಮತ ಹಾಕಲು ಹೋಗುವುದು ವ್ಯರ್ಥವೆಂದು ಮೊದಲೇ ತಿಳಿದಿದ್ದ ಮರ್ಯಾದಸ್ಥ ಪೌರನಿಗೆ ಅದು ಈಗ ಅಪಾಯಕರವೂ ಆಯಿತು.

ಈ ಹಂತದಲ್ಲಿ ನೀತಿವಾದಿಗಳು ಸಾಮಾನ್ಯವಾಗಿ ಬೆರಳು ತೋರುವುದು ಉಚಿತ ಧಾನ್ಯದ ಕಡೆಗೆ: ಕ್ರಿ.ಪೂ. 58ರಲ್ಲಿ ಕ್ಲೋಡಿಯಸನು ನಗರದ ಪೌರರಿಗೆ ಗೋಧಿಯನ್ನು ಪುಕ್ಕಟೆ ಮಾಡಿದನು, ಸೀಸರನ ಕಾಲಕ್ಕೆ ಅದನ್ನು ಪಡೆಯುವವರು 3,20,000 ಆಗಿದ್ದರು, ಹೊಟ್ಟೆ ತುಂಬಿದ ಜನ ಸ್ವಾತಂತ್ರ್ಯವನ್ನು ಮರೆತರು ಎಂಬುದು ಅವರ ವಾದ. ಈ ವಾದ ಬಡವರ ಮೇಲೆ ಹೊರಿಸಿದ ಅನ್ಯಾಯದ ಆರೋಪವೆಂದೇ ಹೇಳಬೇಕು. ಮತದ ಮೌಲ್ಯವನ್ನು ಸಂತೆಯಲ್ಲಿಟ್ಟವರು ಕೋಟಿಗಳನ್ನು ಸಾಲವೆತ್ತಿದ ಸೆನೆಟ್ ಸದಸ್ಯರು. ಗೋಧಿ ಪಡೆದವರಿಗೆ ನಷ್ಟವಾಗುವಂಥ ಮತ ಅಷ್ಟೇನೂ ಇರಲಿಲ್ಲ.

ಆದರೂ ಜನರ ಮನಸ್ಸು ಎಷ್ಟು ದೂರ ಸರಿದಿತ್ತೆಂಬುದನ್ನು ಕ್ರಿ.ಪೂ. 22ರ ಘಟನೆ ತೋರಿಸುತ್ತದೆ. ಅಂತರ್ಯುದ್ಧಗಳನ್ನು ಗೆದ್ದು, ಗಣರಾಜ್ಯವನ್ನು ಮರಳಿ ಸ್ಥಾಪಿಸಿದ್ದೇನೆಂದು 27ರಲ್ಲಿ ಸಾರಿದ್ದ ಅಗಸ್ಟಸನು 23ರಲ್ಲಿ ಕಾನ್ಸಲ್ ಸ್ಥಾನವನ್ನು ಬಿಟ್ಟಿದ್ದನು. ಮರುವರ್ಷ ಪ್ರವಾಹ, ಪಿಡುಗು, ಬರ ಒಟ್ಟಿಗೆ ಬಂದಾಗ, ಅವನು ಅಧಿಕಾರದಲ್ಲಿ ಇಲ್ಲದಿರುವುದೇ ಇದಕ್ಕೆಲ್ಲ ಕಾರಣವೆಂದು ನಂಬಿದ ಜನಸಮೂಹ ಸೆನೆಟರುಗಳನ್ನು ಸಭಾಭವನದಲ್ಲಿ ಕೂಡಿಹಾಕಿ, ಅವನನ್ನು ಸರ್ವಾಧಿಕಾರಿಯೆಂದು ಘೋಷಿಸದಿದ್ದರೆ ಒಳಗಿದ್ದಂತೆಯೇ ಸುಟ್ಟುಬಿಡುವುದಾಗಿ ಬೆದರಿಸಿತು. ಅಗಸ್ಟಸನು ತನ್ನ ಬಟ್ಟೆಯನ್ನು ಹರಿದುಕೊಂಡು ಆ ಪದವಿಯನ್ನು ನಿರಾಕರಿಸಿದನು. ಬೀದಿಗಿಳಿಯಬಲ್ಲ ಜನ ಇನ್ನೂ ಇದ್ದರು. ಆದರೆ ತಮ್ಮ ಕಷ್ಟಕ್ಕೆ ತಾವು ಸೇರಿ ಪರಿಹಾರ ಹುಡುಕಬಹುದೆಂಬ ನಂಬಿಕೆ ಅವರಲ್ಲಿ ಉಳಿದಿರಲಿಲ್ಲ. ನಿರಾಸಕ್ತಿಯೆಂದರೆ ಇದೇ ಹೊರತು ಮೌನವೊಂದೇ ಅಲ್ಲ.

ಅಗಸ್ಟಸನು ಚುನಾವಣೆಯನ್ನು ರದ್ದು ಮಾಡಲಿಲ್ಲ; ಸಾಮಾನ್ಯ ಪೌರನಂತೆ ತನ್ನ ವಿಭಾಗದೊಡನೆ ನಿಂತು ತಾನೂ ಮತ ಹಾಕಿದನು, ದೂರದ ವಸಾಹತು ಪಟ್ಟಣಗಳ ಸಭಾಸದರು ತಮ್ಮ ಮತಗಳನ್ನು ಮೊಹರು ಮಾಡಿ ರೋಮಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿದನು. ನೂರು ವರ್ಷ ಮೊದಲು ಇದನ್ನು ಎಲ್ಲ ಪೌರರಿಗೂ ಅನ್ವಯಿಸಿದ್ದರೆ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಈಗ ಅದು ಊರ ಗಣ್ಯರಿಗೆ ಸಂದ ಗೌರವವಾಗಿ ಉಳಿಯಿತು. ಅದರ ಜೊತೆಗೇ ಆಯ್ಕೆಯ ನಿಜವಾದ ಕೆಲಸ ಬೇರೆಡೆಗೆ ಸರಿಯಿತು. ಕ್ರಿ.ಶ. 5ರ ಶಾಸನವೊಂದು ಸೆನೆಟರು ಮತ್ತು ಸಿರಿವಂತ ವರ್ಗದ ಹತ್ತು ಸೆಂಚುರಿಗಳು ಮೊದಲೇ ಸೇರಿ ಅಭ್ಯರ್ಥಿಗಳನ್ನು ಗೊತ್ತುಮಾಡುವ ಪದ್ಧತಿಯನ್ನು ತಂದಿತು. ಟಸ್ಕನಿಯಲ್ಲಿ 1947ರಲ್ಲಿ ದೊರೆತ ಕಂಚಿನ ಫಲಕವೊಂದರಿಂದ ಇದರ ವಿವರ ತಿಳಿದುಬಂದಿದೆ. ಅಗಸ್ಟಸನು ತೀರಿಕೊಂಡ ಕ್ರಿ.ಶ. 14ರಲ್ಲಿ ಅವನ ಉತ್ತರಾಧಿಕಾರಿ ಟೈಬೀರಿಯಸನು ಚುನಾವಣೆಯನ್ನು ಬಯಲಿನಿಂದ ಸೆನೆಟಿನೊಳಕ್ಕೆ ಸಾಗಿಸಿದನು. ಹಕ್ಕು ಹೋದದ್ದಕ್ಕೆ ಜನರಿಂದ ಬಂದದ್ದು ಹುರುಳಿಲ್ಲದ ಗೊಣಗಾಟ ಮಾತ್ರವೆಂದೂ, ಲಂಚ ಕೊಡುವ ಮತ್ತು ಕೈಮುಗಿದು ಬೇಡುವ ಕಷ್ಟ ತಪ್ಪಿತೆಂದು ಸೆನೆಟರುಗಳು ಸಂತೋಷಪಟ್ಟರೆಂದೂ ಇತಿಹಾಸಕಾರ ಟ್ಯಾಸಿಟಸನು ದಾಖಲಿಸಿದ್ದಾನೆ.

ರೋಮಿನ ಹೊರಗೆ ಪರಿಸ್ಥಿತಿ ಹೀಗಿರಲಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಪಾಂಪೇಯಿಯ ಗೋಡೆಗಳ ಮೇಲೆ ಊರಿನ ಅಧಿಕಾರಿಗಳ ಆಯ್ಕೆಗಾಗಿ ಬರೆದ ಎರಡು ಸಾವಿರಕ್ಕೂ ಹೆಚ್ಚು ಚುನಾವಣಾ ಬರಹಗಳು ಸಿಕ್ಕಿವೆ. ರೊಟ್ಟಿ ಸುಡುವವರು, ಹಣ್ಣು ಮಾರುವವರು, ಮತದ ಹಕ್ಕಿಲ್ಲದ ಹೆಂಗಸರು ಕೂಡ ತಮ್ಮ ಅಭ್ಯರ್ಥಿಯ ಹೆಸರನ್ನು ಅಲ್ಲಿ ಬರೆಸಿದ್ದಾರೆ. ಅದೇ ಕಾಲದ, ಅದೇ ಕಾನೂನಿನ, ಅದೇ ಭಾಷೆಯ ಜನ ಇವರು. ಮತಗಟ್ಟೆ ನಡೆದುಹೋಗುವ ದೂರದಲ್ಲಿದ್ದು, ಗೆದ್ದವನು ಊರಿನ ರಸ್ತೆ, ಸಂತೆ, ನೀರಿನ ಮೇಲ್ವಿಚಾರಣೆ ಮಾಡುವವನಾಗಿದ್ದರೆ ಆಸಕ್ತಿ ತಾನಾಗಿ ಉಳಿಯುತ್ತದೆಂಬುದಕ್ಕೆ ಆ ಗೋಡೆಗಳಿಗಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ರೋಮಿನಲ್ಲಿ ಕಳೆದುಹೋದದ್ದನ್ನು ಮರಳಿ ಕೊಡುವ ಪ್ರಯತ್ನವೂ ಒಮ್ಮೆ ನಡೆಯಿತು, ಅದೂ ಕ್ರೌರ್ಯಕ್ಕೆ ಹೆಸರಾದ ಚಕ್ರವರ್ತಿ ಕಲಿಗುಲನಿಂದ. ಕ್ರಿ.ಶ. 38ರಲ್ಲಿ ಅವನು ಚುನಾವಣೆಗಳನ್ನು ಜನರ ಸಭೆಗೆ ಹಿಂದಿರುಗಿಸಿದನು. ಆದರೆ ಸ್ಥಾನಗಳಿದ್ದಷ್ಟೇ ಅಭ್ಯರ್ಥಿಗಳು ನಿಂತರು; ಹೆಚ್ಚು ಮಂದಿ ನಿಂತಾಗ ತಮ್ಮೊಳಗೇ ಒಪ್ಪಂದ ಮಾಡಿಕೊಂಡರು; ಬಹುಕಾಲದಿಂದ ಸ್ವತಂತ್ರರಂತೆ ಯಾವ ವ್ಯವಹಾರವನ್ನೂ ನಡೆಸದಿದ್ದ ಜನರು ತಮ್ಮ ಕರ್ತವ್ಯದಲ್ಲಿ ಜಡರಾಗಿದ್ದರೆಂದು ಡಿಯೋ ಕ್ಯಾಸಿಯಸ್ ಎಂಬ ಇತಿಹಾಸಕಾರ ಬರೆಯುತ್ತಾನೆ. ಮರುವರ್ಷವೇ ಕಲಿಗುಲನು ಆ ಹಕ್ಕನ್ನು ವಾಪಸು ಪಡೆದನು. ರೋಮಿನ ಇತಿಹಾಸದಲ್ಲಿ ಇದಕ್ಕಿಂತ ದುಃಖದ ಪುಟಗಳು ಕಡಿಮೆ: ಬಾಗಿಲು ತೆರೆದಿತ್ತು, ಒಳಗೆ ಹೋಗುವ ಅಭ್ಯಾಸ ಮಾತ್ರ ಯಾರಿಗೂ ಉಳಿದಿರಲಿಲ್ಲ.

ಅಮೃತಶಿಲೆಯ ಸೇಪ್ಟಾದಲ್ಲಿ ಮೊದಲು ಮಲ್ಲರ ಕಾಳಗಗಳು ನಡೆದವು; ಮುಂದೆ ಅದು ದಂತ, ಆಭರಣ, ಬೆಲೆಬಾಳುವ ಗುಲಾಮರು ದೊರೆಯುವ ಶ್ರೀಮಂತರ ಪೇಟೆಯಾಯಿತು. ಅದರ ಪಕ್ಕದಲ್ಲಿ ಮತ ಎಣಿಸಲೆಂದೇ ಅಗ್ರಿಪ್ಪನು ಆರಂಭಿಸಿ ಅಗಸ್ಟಸನು ಕ್ರಿ.ಪೂ. 7ರಲ್ಲಿ ಪೂರ್ಣಗೊಳಿಸಿದ 'ಡಿರಿಬಿಟೋರಿಯಮ್' ಎಂಬ ಭವನವಿತ್ತು. ಒಂದೇ ಮಾಡಿನಡಿ ಕಟ್ಟಿದ ಕಟ್ಟಡಗಳಲ್ಲಿ ಅಂದಿನವರೆಗೆ ಅದೇ ದೊಡ್ಡದು, ಅದರ ತೊಲೆಗಳು ನೂರು ರೋಮನ್ ಅಡಿ, ಎಂದರೆ ಸುಮಾರು 30 ಮೀಟರ್ ಉದ್ದವಿದ್ದವು. ಬಿಸಿಲು ಹೆಚ್ಚಾದಾಗ ಕಲಿಗುಲನು ಅಲ್ಲಿ ಬೆಂಚು ಹಾಕಿಸಿ ನಾಟಕ ಆಡಿಸಿದನು. ನಗರದ ಒಂದು ಭಾಗ ಹೊತ್ತಿ ಉರಿದಾಗ ಕ್ಲಾಡಿಯಸ್ ಚಕ್ರವರ್ತಿ ಎರಡು ರಾತ್ರಿ ಅದೇ ಭವನದಲ್ಲಿ ಕುಳಿತು, ಹಣದ ಬುಟ್ಟಿಗಳನ್ನು ಮುಂದಿಟ್ಟುಕೊಂಡು, ಬೆಂಕಿ ನಂದಿಸಲು ಬಂದವರಿಗೆಲ್ಲ ಸ್ಥಳದಲ್ಲಿಯೇ ಕೂಲಿ ಕೊಟ್ಟನು. ಕ್ರಿ.ಶ. 80ರ ಅಗ್ನಿ ಅನಾಹುತದಲ್ಲಿ ಆ ಮಾಡು ಸುಟ್ಟುಹೋಯಿತು. ಅಷ್ಟು ದೊಡ್ಡ ಮಾಡನ್ನು ಮತ್ತೆ ಕಟ್ಟಲು ಯಾರಿಂದಲೂ ಆಗಲಿಲ್ಲ. ಮೂರನೆಯ ಶತಮಾನದ ಆರಂಭದಲ್ಲಿ ಡಿಯೋ ತನ್ನ ಇತಿಹಾಸವನ್ನು ಬರೆಯುತ್ತಿದ್ದಾಗಲೂ ಮತ ಎಣಿಸುವ ಭವನ ಆಕಾಶಕ್ಕೆ ತೆರೆದುಕೊಂಡು ನಿಂತಿತ್ತು.