ಮಾಘ ಕಳೆಯುವಾಗ ಸಿದ್ದಾಪುರದ ನರ್ಸರಿ ಸಾಲು

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದು ಲಾಲ್‌ಬಾಗಿನ ಗಾಜಿನ ಮನೆ ಖಾಲಿಯಾದ ಮೇಲೆ ಊರಿನವರಿಗೆ ಹೂವಿನ ನೆನಪು ತುಸು ಮಾಸುತ್ತದೆ. ತೋಟದ ಗೋಡೆಯಾಚೆ, ಜಯನಗರಕ್ಕೂ ವಿಲ್ಸನ್ ಗಾರ್ಡನ್ನಿಗೂ ನಡುವೆ ಇರುವ ಸಿದ್ದಾಪುರದಲ್ಲಿ ಮಾತ್ರ ಕೆಲಸ ಏರುವುದೇ ಆಗ. ಪ್ರದರ್ಶನ ನೋಡಿ ಬಂದವರು ಪೆಟೂನಿಯ, ಸಾಲ್ವಿಯ, ಡೇಲಿಯಗಳ ಕುಂಡಗಳನ್ನು ಕೊಂಡುಹೋಗಿರುತ್ತಾರೆ. ರಸ್ತೆ ಬದಿಯ ಸಾಲು ಅಲ್ಲಲ್ಲಿ ಬೋಳಾಗಿರುತ್ತದೆ. ಒಳಗೆ, ಹಸಿರು ನೆರಳುಬಲೆಯ ಅಡಿಯಲ್ಲಿ ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರದ ಗುಡ್ಡೆಗಳನ್ನು ಗುದ್ದಲಿಯಿಂದ ಕಲೆಸುವುದು, ಕವರುಗಳಿಗೆ ತುಂಬುವುದು, ಒಣಗಿದ ಕಡ್ಡಿ ಕತ್ತರಿಸುವುದು ಬೆಳಗಿನಿಂದ ನಡೆದಿರುತ್ತದೆ.

ಈ ಸಾಲನ್ನು ನೋಡಬೇಕಾದ ಕಾಲ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿಸೆಂಬರಿನಲ್ಲಿ ಬಂದರೆ ಹೂ ಕಾಣುತ್ತದೆ, ಜೂನ್‌ನಲ್ಲಿ ಬಂದರೆ ಸಸಿ ಕಾಣುತ್ತದೆ. ಫೆಬ್ರುವರಿಯಲ್ಲಿ ಬಂದರೆ ತೋಟಗಾರಿಕೆಯೇ ಕಾಣುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡುತ್ತದೆ ಎನ್ನುತ್ತಾರಲ್ಲ, ಬೆಂಗಳೂರಿನ ಮಟ್ಟಿಗೆ ಅದು ಹೆಚ್ಚುಕಡಿಮೆ ಲೆಕ್ಕಾಚಾರದ ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿದರೆ, ಮಾರ್ಚ್ ಕೊನೆಯ ಮಧ್ಯಾಹ್ನ 33–34ಕ್ಕೆ ಏರುತ್ತದೆ. ಈ ಎರಡರ ನಡುವೆ ಮಳೆ ಎಂಬುದು ಇಲ್ಲವೆಂದೇ ಹೇಳಬೇಕು. ಗಿಡ ಚಳಿಯ ಜಡ ಬಿಟ್ಟು ಚಿಗುರಲು ಹೊರಟಿರುತ್ತದೆ, ಬಿಸಿಲು ಇನ್ನೂ ಸುಡಲು ತೊಡಗಿರುವುದಿಲ್ಲ. ಕುಂಡ ಬದಲಿಸಬೇಕಾದರೆ, ಸುತ್ತಿಕೊಂಡ ಬೇರು ಬಿಡಿಸಬೇಕಾದರೆ, ಹಳೆಯ ಮಣ್ಣು ತೆಗೆದು ಹೊಸದು ಹಾಕಬೇಕಾದರೆ ಸಿಗುವುದು ಈ ಕೆಲವೇ ವಾರ. ಏಪ್ರಿಲ್‌ವರೆಗೆ ಕಾದು ಬೇರು ಕದಲಿಸಿದರೆ ಗಿಡ ಸೊರಗಿ ಬೀಳುತ್ತದೆ.

ಸೇವಂತಿಗೆಯನ್ನೇ ನೋಡಿ. ಹೂ ಬಾಡಿದ ಸೇವಂತಿಗೆ ಕುಂಡವನ್ನು ಮನೆಗಳಲ್ಲಿ ಕಸಕ್ಕೆ ಹಾಕುವವರೇ ಹೆಚ್ಚು. ನರ್ಸರಿಯಲ್ಲಿ ಅದನ್ನು ಬುಡದಿಂದ ನಾಲ್ಕಾರು ಬೆರಳು ಬಿಟ್ಟು ಕತ್ತರಿಸಿ, ಮೇಲೆ ಒಂದಿಷ್ಟು ಗೊಬ್ಬರ ಹಾಕಿ, ತಾಯಿಗಿಡವೆಂದು ಹಿಂದಿನ ಸಾಲಿಗೆ ಸೇರಿಸುತ್ತಾರೆ. ಬುಡದ ಸುತ್ತ ಕಂದು ಒಡೆಯುತ್ತವೆ. ಒಂದೊಂದನ್ನೂ ಬೇರುಸಹಿತ ಬಿಡಿಸಿದರೆ ಒಂದೊಂದು ಹೊಸ ಗಿಡ. ಬೇಸಿಗೆಯ ಹಗಲು ಉದ್ದವಾಗಿರುವಷ್ಟು ಕಾಲ ಸೇವಂತಿಗೆ ಎಲೆಯನ್ನಷ್ಟೇ ಬೆಳೆಸಿಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಹಗಲು ಕುಗ್ಗಿದಾಗ ಮೊಗ್ಗು ಕಟ್ಟುತ್ತದೆ. ದಸರೆ, ದೀಪಾವಳಿಯ ಹೂವಿನ ತಯಾರಿ ಹೀಗೆ ಮಾಘದಲ್ಲೇ ಆರಂಭವಾಗುತ್ತದೆ.

ಗುಲಾಬಿಯ ಕೆಲಸ ಇನ್ನೂ ನಾಜೂಕು. ಒಳ್ಳೆಯ ಹೂವಿನ ಜಾತಿಯ ಒಂದು ಕಣ್ಣನ್ನು ತೊಗಟೆಸಮೇತ ಎಬ್ಬಿಸಿ, ಕಾಡುಗುಲಾಬಿಯ ಕಾಂಡದ ಮೇಲೆ ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಗೀರಿದ ಜಾಗಕ್ಕೆ ಕೂರಿಸಿ ಪಟ್ಟಿ ಸುತ್ತುತ್ತಾರೆ. ಚಳಿಗಾಲದ ಈ ಕೊನೆಯ ದಿನಗಳಲ್ಲಿ ರಸ ಹರಿಯುತ್ತಿರುವ ಕಾಂಡದಿಂದ ತೊಗಟೆ ಸಲೀಸಾಗಿ ಬಿಡುವುದರಿಂದ ಕಣ್ಣು ಬೇಗ ಹಿಡಿಯುತ್ತದೆ. ಮನೆಗೆ ತಂದ ಗುಲಾಬಿ ಒಂದೆರಡು ವರ್ಷದಲ್ಲಿ ಪುಟ್ಟ ಸಾಧಾರಣ ಹೂ ಬಿಡಲು ತೊಡಗಿದರೆ, ನರ್ಸರಿಯವರು ಮೋಸ ಮಾಡಿದರೆಂದು ದೂರುವವರಿದ್ದಾರೆ. ಎಷ್ಟೋ ಸಲ ನಡೆದಿರುವುದು ಬೇರೆ. ಕಸಿಗಂಟಿನ ಕೆಳಗಿನಿಂದ ಹುರುಪಾಗಿ ಎದ್ದ ಚಿಗುರು ಕಾಡುಗುಲಾಬಿಯದು. ಅದನ್ನು ಮುರಿಯದೆ ಬಿಟ್ಟರೆ ಮೇಲಿನ ಕಸಿಯನ್ನು ಅದೇ ಕೊಲ್ಲುತ್ತದೆ. ಕೊಳ್ಳುವಾಗ ಗಂಟು ಎಲ್ಲಿದೆ ಎಂದು ತೋರಿಸಿಕೊಳ್ಳಬೇಕು, ನೆಡುವಾಗ ಅದನ್ನು ಮಣ್ಣಿನಲ್ಲಿ ಹೂಳಬಾರದು.

ಮಾವಿನ ಕಸಿಗಿಡದ ಮುಂದೆ ಜನ ಹೆಚ್ಚು ನಿಲ್ಲುತ್ತಾರೆ. ಮೊಣಕಾಲೆತ್ತರದ ಗಿಡ ಕವರಿನಲ್ಲೇ ಹೂ ಬಿಟ್ಟಿರುತ್ತದೆ. ಬಲಿತ ಮರದ ಕಡ್ಡಿ ಕಟ್ಟಿರುವುದರಿಂದ ಗಿಡಕ್ಕೆ ತನ್ನ ಎಳೆವಯಸ್ಸು ತಿಳಿಯದು. ಹೂ ಕಂಡು ಆಸೆಪಟ್ಟು ಕೊಳ್ಳುವವರಿಗೆ, ಅದನ್ನು ಕೀಳಿಸಿಕೊಂಡೇ ಮನೆಗೆ ಒಯ್ಯಿರಿ ಎನ್ನುವುದು ಕಠಿಣವಾಗಿ ಕೇಳಿಸಬಹುದು. ಮೊದಲ ಮೂರು ವರ್ಷ ಕಾಯಿಗೆ ಬಿಡದ ಗಿಡವೇ ಮುಂದೆ ಮರವಾಗುತ್ತದೆ. ಮಾವನ್ನು ಈಗ ನೆಲಕ್ಕೆ ನೆಡುವ ಅವಸರವೂ ಬೇಡ. ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿದ ಮೇಲೆ ಸಸಿ ಇಟ್ಟರೆ ಸಾಕು.

ಮಲ್ಲಿಗೆಯ ಲೆಕ್ಕ ಬೇರೆ. ದುಂಡುಮಲ್ಲಿಗೆಗೆ ವರ್ಷದ ಕೊನೆಯಲ್ಲಿ ಕೆಲದಿನ ನೀರು ತಡೆದು, ಎಲೆ ಉದುರಿಸಿ ಕತ್ತರಿಸಿರುತ್ತಾರೆ. ಫೆಬ್ರುವರಿಯಲ್ಲಿ ಹೊಸ ಕೊಂಬೆ ಬಂದು ಮಾರ್ಚಿಗೆ ಮೊಗ್ಗು ತೋರುತ್ತದೆ. ಈ ಮಲ್ಲಿಗೆಗೂ ಸಿದ್ದಾಪುರದ ಸುತ್ತಿನ ಜನಜೀವನಕ್ಕೂ ಹಳೆಯ ನಂಟಿದೆ. ಹಳೆಯ ಬೆಂಗಳೂರಿನ ಹೂದೋಟ, ತರಕಾರಿ ತೋಟಗಳನ್ನು ಬೆಳೆಸಿದವರಲ್ಲಿ ತಿಗಳ ಸಮುದಾಯದವರು ಮುಂಚೂಣಿಯವರು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಹೊದ್ದು ಹೊರಡುವ ಕರಗ ಅವರದು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದರು. ಎಂ. ಎಚ್. ಮರಿಗೌಡರು ರಾಜ್ಯದುದ್ದಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ನರ್ಸರಿಗಳನ್ನೂ ಕಟ್ಟಿಸಿದರು. ಇವರ ಹೆಸರು ಫಲಕಗಳ ಮೇಲಿವೆ, ಇರಲೇಬೇಕು. ಆದರೆ ಬೀಜ ಬಿತ್ತಿ, ಕಸಿ ಕಟ್ಟಿ, ನೀರು ಹೊತ್ತ ಕೈಗಳ ಹೆಸರು ಎಲ್ಲೂ ಇಲ್ಲ. ಆ ಕೈಗಳ ವಿದ್ಯೆ ಇಂದಿಗೂ ಉಳಿದಿರುವ ಜಾಗಗಳಲ್ಲಿ ಗೋಡೆಯಾಚೆಯ ಈ ಸಣ್ಣ ಸಣ್ಣ ತುಂಡುಭೂಮಿಗಳೂ ಸೇರಿವೆ. ಊರಿನ ನಡುಮಧ್ಯೆ, ಚದರಡಿಗೆ ಬೆಲೆ ಕಟ್ಟುವ ಕಡೆಯಲ್ಲಿ, ಗೊಬ್ಬರದ ಗುಡ್ಡೆಗೆ ಜಾಗ ಬಿಟ್ಟುಕೊಂಡಿರುವುದೇ ದೊಡ್ಡ ಮಾತು.

ಇಲ್ಲಿ ಸಿಗುವುದೆಲ್ಲ ಇಲ್ಲೇ ಬೆಳೆದದ್ದಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಆಂಧ್ರದ ಕಡಿಯಂ, ಪುಣೆ, ಹೊಸೂರುಗಳಿಂದ ಲಾರಿಗಟ್ಟಲೆ ಗಿಡ ಬರುತ್ತದೆ. ಗೋದಾವರಿ ಬಯಲಿನ ಕಡಿಯಂ ಗಿಡ ಜಿಗುಟು ಮಣ್ಣಿನ ಉಂಡೆಯಲ್ಲಿರುತ್ತದೆ. ನಮ್ಮ ಒಣಹವೆಗೆ ಆ ಉಂಡೆ ಕುಗ್ಗಿ ಗಟ್ಟಿಯಾದರೆ, ಹಾಕಿದ ನೀರು ಕುಂಡದ ಅಂಚಿನಲ್ಲೇ ಇಳಿದುಹೋಗಿ ಬೇರಿಗೆ ತಲುಪುವುದಿಲ್ಲ. ತಂದ ಮೇಲೆ ಒಂದು ವಾರ ನೆರಳಿನಲ್ಲಿಟ್ಟು, ಉಂಡೆ ನೆನೆಸಿ, ಹೊರಗಿನ ಮಣ್ಣನ್ನು ಮೆಲ್ಲನೆ ಸಡಿಲಿಸಿ ನೆಟ್ಟರೆ ಗಿಡ ಬದುಕುತ್ತದೆ.

ನೀರಿನ ಮಾತು ಬಂದರೆ 2024ರ ಮಾರ್ಚ್ ನೆನಪಾಗದೆ ಇರದು. ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗ ಆದೇಶಿಸಿತು. ಅಂಥ ಬೇಸಿಗೆ ಮತ್ತೆ ಬಾರದೆಂದು ಹೇಳಲಾಗದು. ಬಾಲ್ಕನಿಗೆ ಗಿಡ ಆರಿಸುವಾಗ ಅದು ನೆನಪಿರಲಿ. ಕಾಗದದ ಹೂವಿನ ಗಿಡಕ್ಕೆ ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು. ದಿನವೂ ನೀರೆರೆದರೆ ಬರೀ ಎಲೆ. ದಾಸವಾಳ, ಕಣಗಿಲೆ, ಕರಿಬೇವು, ನಂದಿಬಟ್ಟಲು ನಮ್ಮ ಬೇಸಿಗೆಯನ್ನು ಬಲ್ಲ ಗಿಡಗಳು. ತರಕಾರಿ ಬೇಕೆನ್ನುವವರು ಹೂಕೋಸಿನ ಆಸೆ ಮುಂದಿನ ಚಳಿಗೆ ಇಟ್ಟುಕೊಂಡು, ಬೆಂಡೆ, ಸೌತೆ, ಹೀರೆ ಹಾಕಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆಗೆ ಬಹುಕಾಲದ ಒಳ್ಳೆಯ ಹೆಸರಿದೆ.

ಒಂದು ಸಂಕಟವನ್ನು ಹೇಳದೆ ಮುಂದೆ ಹೋಗಲಾರೆ. ಇದೇ ದಿನಗಳಲ್ಲಿ ಹೊಂಗೆ, ಅರಳಿ, ಕಾಡುಬಾದಾಮಿ ಎಲೆ ಉದುರಿಸುತ್ತವೆ. ಊರಿನ ಬೀದಿಬೀದಿಯಲ್ಲಿ ಆ ತರಗನ್ನು ಗುಡಿಸಿ ಬೆಂಕಿ ಹಚ್ಚುತ್ತಾರೆ. ಆ ಹೊಗೆ ನಮ್ಮ ಶ್ವಾಸಕ್ಕೆ ಕೆಡುಕು, ಮಣ್ಣಿಗೆ ಬರೀ ನಷ್ಟ. ಅದೇ ತರಗನ್ನು ಒಂದು ಗುಂಡಿಗೆ ತುಳಿದು, ನಡುನಡುವೆ ಸಗಣಿ ನೀರು ಚಿಮುಕಿಸಿ, ಆಗಾಗ ಮಗುಚುತ್ತಿದ್ದರೆ ಮಳೆಗಾಲದ ಹೊತ್ತಿಗೆ ಕಪ್ಪನೆಯ ಎಲೆಗೊಬ್ಬರ ಸಿಗುತ್ತದೆ. ಒಂದು ಬೀದಿಯ ತರಗು ಅದೇ ಬೀದಿಯ ಕುಂಡಗಳಿಗೆ ಸಾಕು. ಸುಡುವುದನ್ನು ಕಂಡಲ್ಲಿ ತಡೆಯುವುದು ಗಿಡ ಪ್ರೀತಿಸುವವರೆಲ್ಲರ ಕೆಲಸ.

ಸಿದ್ದಾಪುರಕ್ಕೆ ಹೋಗುವವರು ವಾರದ ನಡುವಿನ ಬೆಳಗ್ಗೆ ಹೋಗಲಿ. ನೀರು ಹಾಕುವ ಹೊತ್ತು ಅದು, ಕೇಳಿದ್ದಕ್ಕೆ ವಿವರವಾಗಿ ಉತ್ತರ ಸಿಗುವ ಹೊತ್ತೂ ಅದೇ. ಎಲೆಯನ್ನು ಮಗುಚಿ ಕೆಳಗೆ ಬಿಳಿ ಹಿಟ್ಟುತಿಗಣೆ ಇದೆಯೇ ನೋಡಿ, ಕವರಿನ ತಳದಿಂದ ಬೇರು ಎಷ್ಟು ಹೊರಬಂದಿದೆ ನೋಡಿ. ಮುಂದಿನ ಸಾಲಿನ ಅರಳಿದ ಹೂವಿಗೆ ಮನ ಸೋತರೆ ಒಂದನ್ನು ತನ್ನಿ, ತಪ್ಪೇನಿಲ್ಲ. ಜೊತೆಗೆ ಹಿಂದಿನ ಸಾಲಿನಲ್ಲಿ ಕತ್ತರಿಸಿಟ್ಟ ಸೇವಂತಿಗೆಯ ಬುಡ ಕೊಡುತ್ತಾರೆಯೇ ಕೇಳಿ. ನೋಡಲು ಒಣಕಡ್ಡಿ, ಬೆಲೆಯೂ ಹೆಚ್ಚಿರಲಾರದು. ಒಂದು ಬುಡದಿಂದ ನಾಲ್ಕೈದು ಕಂದು ಬಿಡಿಸಿ ನೆರೆಹೊರೆಗೆ ಹಂಚಿದರೂ ನಿಮ್ಮ ಪಾಲಿಗೆ ಒಂದು ಕುಂಡ ಉಳಿಯುತ್ತದೆ.