ಮನೆಯೊಳಗಿನ ವೈ-ಫೈ: ಒಂದು ಪ್ರಿಂಟರ್, ಒಂದು ಕಾಗದದ ಪೆಟ್ಟಿಗೆ

ಅಂಕೋಲಾ, ಕಾರವಾರದ ಕಡೆ ನಮ್ಮ ಜಮೀನು ಸಣ್ಣದು, ಕಾಗದದ ಕಟ್ಟು ದೊಡ್ಡದು. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದದ್ದು ಗೊತ್ತೇ ಇದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಗಂಗಾವಳಿ ದಂಡೆಯ ಊರುಗಳಿಗೆ ನೆರೆ ನುಗ್ಗಿತು. ಪೆಟ್ಟಿಗೆಯಲ್ಲಿ ನೀರು ಹೊಕ್ಕರೆ ಕ್ರಯಪತ್ರವೂ ಒಂದೇ, ರದ್ದಿಯೂ ಒಂದೇ. ಹಾಗಾಗಿ ಮಳೆ ನಂಬಿ ಬೇಸಾಯ ಮಾಡುವ ನಾನೂ ಮನೆಯಲ್ಲಿ ಈ ವ್ಯವಸ್ಥೆ ಮಾಡಿಕೊಂಡಿದ್ದೇನೆ.

ಎರಡು ಬೇರೆ ಬೇರೆ
ವೈ-ಫೈ ಎಂದರೆ ಇಂಟರ್ನೆಟ್ ಎಂದೇ ಹಲವರ ಲೆಕ್ಕ. ಇಂಟರ್ನೆಟ್ ಹೊರಗಿನ ಕಾಲುವೆ, ವೈ-ಫೈ ಗದ್ದೆಯೊಳಗಿನ ಅಗಳು. ಮಳೆಗಾಲದಲ್ಲಿ ಮರ ಬಿದ್ದು ಹೊರಗಿನ ಕೇಬಲ್ ಕಡಿದರೂ, ಕರೆಂಟಿದ್ದರೆ ಮೊಬೈಲಿನಿಂದ ಪ್ರಿಂಟರಿಗೆ ಕಾಗದ ಹೋಗ್ತದೆ.

ರೌಟರ್ ಎಲ್ಲಿ?
ನಮ್ಮ ಚಿರೆಕಲ್ಲಿನ ಗೋಡೆ ದಪ್ಪ. ರೌಟರನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿ. ಕಬ್ಬಿಣದ ಕಪಾಟು, ಫ್ರಿಜ್ಜಿನ ಮಗ್ಗುಲು ಬೇಡ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗ್ತದೆ, 5ರದ್ದು ವೇಗ ಹೆಚ್ಚು, ದೂರ ಕಡಿಮೆ. ಎಷ್ಟೋ ಪ್ರಿಂಟರುಗಳು 2.4 ಮಾತ್ರ ಹಿಡಿಯುತ್ತವೆ. ಆಚೆ ಬಿಡಾರಕ್ಕೂ ಬೇಕಾದರೆ ನೆಟ್‌ವರ್ಕ್ ಕೇಬಲ್ ಎಳೆದು ಇನ್ನೊಂದು ರೌಟರ್ ಹಾಕಬೇಕು. ಕೇಬಲ್ 100 ಮೀಟರ್ ಒಳಗಿರಲಿ.

ಪ್ರಿಂಟರಿಗೆ ನಂಬರು
ರೌಟರ್ ಪ್ರತಿ ಯಂತ್ರಕ್ಕೂ ಸರ್ವೆ ನಂಬರಿನ ಹಾಗೆ ಒಂದು ನಂಬರು ಕೊಡ್ತದೆ. ಕರೆಂಟು ಹೋಗಿ ಬಂದಾಗ ಅದು ಬದಲಾಗಬಹುದು. ಆಗ ಪ್ರಿಂಟರ್ ಚಾಲೂ ಇದ್ದರೂ ಕಂಪ್ಯೂಟರ್ ‘ಇಲ್ಲ’ ಅಂತದೆ. ರೌಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಕಾಯಂ ನಂಬರು ಕೊಟ್ಟರೆ ಈ ರಗಳೆ ಇಲ್ಲ. ಅಲ್ಲೇ ಪಾಸ್‌ವರ್ಡನ್ನೂ ಬದಲಿಸಿ. ಶಾಯಿಯ ಪ್ರಿಂಟರಾದರೆ ವಾರಕ್ಕೊಂದು ಹಾಳೆ ತೆಗೆಯಿರಿ, ಇಲ್ಲವಾದರೆ ಶಾಯಿ ಒಣಗಿ ಕಟ್ಟಿಕೊಳ್ತದೆ.

ಕಾಗದದ ಪೆಟ್ಟಿಗೆ
ಯುಎಸ್‌ಬಿ ಕಿಂಡಿ ಇರುವ ಕೆಲವು ರೌಟರುಗಳಿಗೆ ಹಾರ್ಡ್ ಡಿಸ್ಕ್ ಚುಚ್ಚಿದರೆ ಮನೆಯವರೆಲ್ಲ ತಮ್ಮ ಮೊಬೈಲಿನಲ್ಲೇ ಅದನ್ನು ತೆರೆಯಬಹುದು. ಕೊಳ್ಳುವಾಗಲೇ ಈ ಸೌಲಭ್ಯ ಇದೆಯೋ ಕೇಳಿ. ಪಹಣಿ, ಕ್ರಯಪತ್ರ, ಸರ್ವೆ ನಕ್ಷೆ, ತೀರ್ವೆ ರಶೀದಿ ಎಲ್ಲದರ ಚಿತ್ರ ತೆಗೆದು ಸರ್ವೆ ನಂಬರಿನ ಹೆಸರಲ್ಲಿ ಹಾಕಿಡಿ. ಇದು ಮೂಲಪತ್ರಕ್ಕೆ ಬದಲಿ ಅಲ್ಲ. ಆದರೆ ಮೂಲ ಹೋದರೆ ದೃಢೀಕೃತ ನಕಲಿಗೆ ಅರ್ಜಿ ಹಾಕಲು ಬೇಕಾದ ನೋಂದಣಿ ನಂಬರು, ತಾರೀಕು ಅದರಲ್ಲಿ ಸಿಗ್ತದೆ.

ಒಂದು ಮಾತು ಮರೆಯಬೇಡಿ. ನೆರೆ ಬಂದರೆ ಪೆಟ್ಟಿಗೆಯ ಸಂಗಡ ಡಿಸ್ಕೂ ಮುಳುಗ್ತದೆ. ಇನ್ನೊಂದು ಡಿಸ್ಕಿನಲ್ಲಿ ಪ್ರತಿ ತೆಗೆದು ಎತ್ತರದ ಊರಿನ ನೆಂಟರ ಮನೆಯಲ್ಲಿಡಿ, ವರ್ಷಕ್ಕೆರಡು ಸಲ ಹೊಸದು ಸೇರಿಸಿ. ಗುಡುಗು ಶುರುವಾಗುವ ಮೊದಲೇ ರೌಟರಿನ ಪ್ಲಗ್ಗನ್ನೂ ಹೊರಗಿಂದ ಬಂದ ತಾಮ್ರದ ಕೇಬಲನ್ನೂ ಕಿತ್ತಿಡಿ. ಒಂದನ್ನೇ ಕಿತ್ತರೆ ಸಾಲದು, ಸಿಡಿಲು ಎರಡೂ ದಾರಿಯಲ್ಲಿ ಬರ್ತದೆ.